ಫ್ರಿಜ್ಜಿನಲ್ಲೇ ಉಳಿದ ನೀಲಿ ಚೀಲ

ಹಿತುಕಿದ ಅವರೆಕಾಳಿನ ಪೊಟ್ಟಣ ಹುಡುಕುತ್ತಾ ಫ್ರಿಜ್ಜಿನ ಮೇಲಿನ ಖಾನೆಗೆ ಕೈ ಹಾಕಿದೆ ನೋಡಿ, ಬೆರಳಿಗೆ ಸಿಕ್ಕಿದ್ದು ಆ ನೀಲಿ ಐಸ್ ಚೀಲ. ಎರಡು ವರ್ಷದ ಹಿಂದೆ ಮೈಸೂರಿನ ಆಸ್ಪತ್ರೆಯವರು ಅಪ್ಪನ ಮಂಡಿಗೆಂದು ಕೊಟ್ಟಿದ್ದು. ಎಸೆಯಲು ಮನಸ್ಸಾಗದೆ ಹಿಂದಕ್ಕೆ ತಳ್ಳುತ್ತಾ ಬಂದಿದ್ದೆ. ಒಂದು ದಿನವೂ ಅದು ಅಪ್ಪನ ಮಂಡಿಯನ್ನು ಮುಟ್ಟಿರಲಿಲ್ಲ.

ಅಪ್ಪ ಕ್ಯಾತನಹಳ್ಳಿಯ ಕಮ್ಮಾರ. ಕಬ್ಬು ಕಡಿಯುವ ಮಚ್ಚು ಬೇಕಾದರೆ ಪಾಂಡವಪುರದ ಅಂಗಡಿ ಬಿಟ್ಟು ನಮ್ಮ ಕುಲುಮೆಗೇ ಬರುತ್ತಿದ್ದರು ಜನ. ಕಬ್ಬಿಣ ಬಡಿಯುವ ಅಡಿಗಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕೂತೇ ಅಪ್ಪನ ಮಂಡಿ ಸವೆದಿತ್ತು. ಆಪರೇಷನ್ ಮಾಡಿ ಲೋಹದ ಮಂಡಿ ಹಾಕಿದ ಮೇಲೆ ನೆಲಕ್ಕೆ ಕೂರುವಂತಿಲ್ಲ, ಸ್ಟೂಲಿನ ಮೇಲಾದರೆ ಕೂರಬಹುದು ಎಂದರು ಡಾಕ್ಟರು. ಅಷ್ಟಾದರೆ ಸಾಕು ಎಂದು ಅಪ್ಪ ಒಪ್ಪಿದ. ಐಟಿಐ ಓದಿದ ಮಹಾ ಪಂಡಿತ ನಾನು, ಅಡಿಗಲ್ಲನ್ನು ದಿಮ್ಮಿಯ ಮೇಲೆ ಎತ್ತಿಸಿ, ಸ್ಟೂಲೊಂದನ್ನು ಬೆಸುಗೆ ಹಾಕಿ ಇಟ್ಟೆ.

ಟವೆಲಿನಲ್ಲಿ ಸುತ್ತಿ ಇಪ್ಪತ್ತು ನಿಮಿಷ ಐಸ್ ಇಡಿ, ನೋವು ಊತ ತಗ್ಗಿದಾಗ ಮಂಡಿ ಮಡಚಿಸಿ, ಮೊದಲ ವಾರಗಳನ್ನು ಕಳೆದುಕೊಂಡರೆ ಕಾಲು ಬಿಗಿದುಕೊಳ್ಳುತ್ತದೆ ಎಂದು ಆಪರೇಷನ್ ಆದ ಮೇಲೆ ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ಚೀಲ ಹಿಡಿದು ಹೋದರೆ ಅಪ್ಪ ಕೈ ತಳ್ಳಿದ.

"ಒಳಗಿರೋದು ಕಬ್ಣ ಕಣ್ಲಾ. ಬಿಸಿ ಕಬ್ಣಕ್ಕೆ ನೀರು ತೋರ್ಸುದ್ರೆ ಏನಾಯ್ತದೆ? ಗಡುಸಾಯ್ತದೆ. ಆಮ್ಯಾಕೆ ಮಡಚಾಕೆ ನಿನ್ ಡಾಕ್ಟ್ರು ಬತ್ತಾನಾ?"

ನಗಬೇಡಿ. ಕೆಂಪಗೆ ಕಾದ ಮಚ್ಚನ್ನು ನೀರಿಗೆ ಅದ್ದಿ ಹದ ಕೊಡುವುದನ್ನು ನೋಡುತ್ತಲೇ ಬೆಳೆದ ನನಗೂ ಆ ಮಾತು ಸರಿಯೆನ್ನಿಸಿತು. ನಿಜ ಹೇಳಬೇಕೆಂದರೆ, ಅಪ್ಪನ ಹತ್ತಿರ ಜಗಳ ಆಡುವ ಧೈರ್ಯವೂ ನನಗಿರಲಿಲ್ಲ. ಅವ್ವ ಉಪ್ಪು ಹುರಿದು ಗಂಟು ಕಟ್ಟಿ ಶಾಖ ಕೊಟ್ಟಳು. ಮಂಡಿ ಇನ್ನಷ್ಟು ಊದಿತು. ಮಡಚಿಸಲು ಹೋದರೆ ಅಪ್ಪ ಕಿರುಚುತ್ತಿದ್ದ, ನಾನು ಕೈ ಬಿಡುತ್ತಿದ್ದೆ. ಆಸ್ಪತ್ರೆಯಿಂದ ಫೋನು ಬಂದಾಗಲೆಲ್ಲ, "ದಿನಾ ಐಸ್ ಇಡ್ತಾ ಇದೀವಿ ಮೇಡಂ" ಎನ್ನುತ್ತಿದ್ದೆ.

ಎರಡು ತಿಂಗಳಾಗುವ ಹೊತ್ತಿಗೆ ಕಾಲು ಚಾಚಿದಂತೆಯೇ ಬಿಗಿದುಕೊಂಡಿತು. ಡಾಕ್ಟರು ಮಂಡಿ ಒತ್ತಿ ನೋಡಿ, "ಐಸ್ ಇಟ್ಟಿದ್ರಾ?" ಎಂದರು. ಇಟ್ಟಿದ್ದೆವು ಎಂದೆ. ಅಪ್ಪ ನನ್ನ ಮುಖ ನೋಡಿದ. ಅಪ್ಪ ಕೂರಲಾಗದ ಆ ಸ್ಟೂಲಿನ ಮೇಲೆ ಈಗ ಅವ್ವ ಇದ್ದಿಲಿನ ಬುಟ್ಟಿ ಇಡುತ್ತಾಳೆ.

ಅವರೆಕಾಳು ಮರೆತು ಚೀಲವನ್ನು ಟವೆಲಿನಲ್ಲಿ ಸುತ್ತಿಕೊಂಡು ಜಗಲಿಗೆ ಹೋದೆ. ಅಪ್ಪ ಕಾಲು ಚಾಚಿ ಕೂತಿದ್ದ. ಬೆಳಗಿನಿಂದ ಮಂಡಿ ನೋಯುತ್ತಿತ್ತು. ಕೇಳದೆ ಅದರ ಮೇಲೆ ಇಟ್ಟುಬಿಟ್ಟೆ. ಬೆಚ್ಚಿದ, ಬೈಯಲು ಬಾಯಿ ತೆರೆದ, ಆಮೇಲೆ ಮೆಲ್ಲಗೆ ಕಣ್ಣು ಮುಚ್ಚಿದ.

"ಆಯಾಗೈತೆ ಕಣ್ಲಾ," ಎಂದ ತುಸು ಹೊತ್ತಿನ ಮೇಲೆ. "ನಾನೇನೋ ಬ್ಯಾಡ ಅಂದೆ. ಬೈದಾದ್ರೂ ಆವತ್ತೇ ಇಡ್ಬಾರ್ದಾಗಿತ್ತಾ?"

ಇಪ್ಪತ್ತು ನಿಮಿಷ ಚೀಲ ಹಿಡಿದು ಕೂತಿದ್ದೆ.