ರೈಲು ಹತ್ತದ ಕಳ್ಳರು

ದಫೇದಾರ ಸಿದ್ದಯ್ಯ ಅರಸೀಕೆರೆ ಸೀಮೆಯ ಠಾಣೆಗಳಲ್ಲಿ ಇಪ್ಪತ್ತೆರಡು ವರ್ಷ ಸವೆಸಿದವನು. ಬಡ್ತಿ ಸಿಗಲಿಲ್ಲ. ಸಾಹೇಬರು ಉತ್ತರ ಹೇಳಿ ಮುಗಿಸಿದ ಮೇಲೂ ಪ್ರಶ್ನೆ ಕೇಳುವ ಚಾಳಿ ಅವನದು.

೧೯೫೪ರ ಬೇಸಿಗೆಯಲ್ಲಿ ಬಾಣಾವರದ ಕೊಬ್ಬರಿ ವ್ಯಾಪಾರಿ ಲಕ್ಕಪ್ಪನನ್ನು ಯಾರೋ ಮನೆಯೊಳಗೇ ಹೊಡೆದು ಕೊಂದರು. ಪೆಟ್ಟಿಗೆ ಒಡೆದಿತ್ತು, ಹಿತ್ತಾಳೆ ಪಾತ್ರೆಗಳು ಹೋಗಿದ್ದವು. ಇನ್‌ಸ್ಪೆಕ್ಟರ್ ಪಾರ್ಥಸಾರಥಿಯವರು ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲಲ್ಲೇ ತನಿಖೆ ಮುಗಿಸಿದರು.

"ರೈಲಿನಲ್ಲಿ ಬಂದ ಕಳ್ಳರು, ರೈಲಿನಲ್ಲೇ ಹೋದರು. ಬರ್ಕೋ."

ಹದಿನೈದು ದಿನಕ್ಕೆ ಹಳೇಬೀಡಿನಲ್ಲಿ ನಿವೃತ್ತ ಮೇಷ್ಟರು ಸುಬ್ಬರಾಮಯ್ಯನವರ ಕೊಲೆಯಾಯಿತು. ಅಲ್ಲೂ ಒಡೆದ ಪೆಟ್ಟಿಗೆ, ಕಾಣೆಯಾದ ಪಾತ್ರೆ. ಸಾಹೇಬರು ಹಳೆಯ ವರದಿಯನ್ನೇ ನಕಲು ಮಾಡಲು ಹೇಳಿದರು.

"ಹಳೇಬೀಡಿಗೆ ರೈಲಿಲ್ವಲ್ಲ ಸ್ವಾಮಿ," ಎಂದ ಸಿದ್ದಯ್ಯ.

"ಹಾಗಾದ್ರೆ ಬಸ್ಸು ಅಂತ ಹಾಕು."

"ಲಕ್ಕಪ್ಪನ ಕಿವೀಲಿ ಚಿನ್ನದ ಒಂಟಿ ಹಂಗೇ ಇದ್ವು. ಮೇಷ್ಟ್ರ ಬೆರಳಲ್ಲಿ ಉಂಗುರಾನೂ ಐತೆ. ಚಿನ್ನ ಬಿಟ್ಟು ಹಿತ್ತಾಳೆ ಹೊರೋ ಕಳ್ರು ಯಾರು ಸ್ವಾಮಿ?"

"ಅವಸರದಲ್ಲಿದ್ದರು," ಎಂದು ಸಾಹೇಬರು ಜೀಪು ಹತ್ತಿದರು. ಮರುದಿನ ರೈಲ್ವೆ ಸ್ಟೇಷನ್ನಿನ ಹನ್ನೊಂದು ಭಿಕ್ಷುಕರು ಲಾಕಪ್ಪಿಗೆ ಬಂದರು. ಗ್ರಾಮರಕ್ಷಣಾ ಸಮಿತಿಯ ಅಧ್ಯಕ್ಷ ದೊಡ್ಡಬೀರಪ್ಪ ಸಾಹೇಬರ ದಕ್ಷತೆಯನ್ನು ಮೆಚ್ಚಿ ಒಂದು ಗಾಡಿ ಎಳನೀರು ಕಳಿಸಿದ.

ಆ ವಾರ ಕೆಂಪಲಕ್ಷ್ಮಮ್ಮನೆಂಬ ಹೆಂಗಸು ಠಾಣೆಗೆ ಬಂದಳು.

"ನನ್ನ ಸಾಕಿದಪ್ಪ ತೋಟಾನ ನಂಗೆ ಉಯಿಲು ಬರ್ದು ತೀರ್ಕೊಂಡ್ರು. ಅದಕ್ಕೆ ಸಾಕ್ಷಿ ಹಾಕಿದ್ದು ಲಕ್ಕಪ್ಪಣ್ಣ, ಸುಬ್ಬರಾಮಯ್ಯ ಮೇಷ್ಟ್ರು. ಉಯಿಲು ನಿಜ ಅಂತ ಕೋರ್ಟಲ್ಲಿ ಹೇಳೋಕೆ ಈಗ ಇಬ್ರೂ ಇಲ್ಲ ಸ್ವಾಮಿ."

"ಇದು ಸಿವಿಲ್ ವ್ಯಾಜ್ಯ. ಕೋರ್ಟಿಗೆ ಹೋಗಮ್ಮ," ಎಂದರು ಸಾಹೇಬರು.

ಸಿದ್ದಯ್ಯ ಗೇಟಿನವರೆಗೂ ಅವಳ ಹಿಂದೆ ಹೋದ. "ಉಯಿಲು ಬಿದ್ದೋದ್ರೆ ತೋಟ ಯಾರಿಗವ್ವಾ?"

"ಅಪ್ಪನ ತಮ್ಮನ ಮಗ ದೊಡ್ಡಬೀರಪ್ಪಂಗೆ."

ಆ ಅಧ್ಯಕ್ಷನೇ ಮುಂದಿನ ಸೋಮವಾರ ತನ್ನ ತೋಟದಲ್ಲಿ ಸಾಹೇಬರಿಗೆ ಸನ್ಮಾನ ಇಟ್ಟುಕೊಂಡಿದ್ದ. ಜಿಲ್ಲೆಯ ದೊಡ್ಡ ಸಾಹೇಬರೂ ಬರುವವರಿದ್ದರು.

ಸೋಮವಾರ ಭಾಷಣ ನಡೆಯುತ್ತಿದ್ದಾಗ ಸಿದ್ದಯ್ಯ ಬಾವಿಯ ಕಡೆ ಹೋದ. ನೀರು ತುಂಬಿದ ಬಾವಿಯನ್ನು ಹೊಸ ಹಲಗೆ ಹೊಡೆದು ಮುಚ್ಚಿದ್ದರು. ಅಡುಗೆಯವರು ಪಕ್ಕದ ತೋಟದಿಂದ ನೀರು ಹೊರುತ್ತಿದ್ದರು. ಅವನು ಹಲಗೆ ಕಿತ್ತು, ಬಿದ್ದ ಕೊಡ ಎತ್ತುವ ಪಾತಾಳಗರಡಿಯನ್ನು ಇಳಿಬಿಟ್ಟ. ಮೂರನೆಯ ಸಲಕ್ಕೆ ಹಿತ್ತಾಳೆಯ ಕೊಳಗವೊಂದು ಸಿಕ್ಕಿಕೊಂಡು ಬಂತು. ಕಂಠದ ಮೇಲೆ ಕೊರೆದಿತ್ತು: ಬಾಣಾವರ ಲಕ್ಕಪ್ಪ.

ಅದನ್ನು ತಂದು ವೇದಿಕೆಯ ಮೇಲಿಟ್ಟ.

"ನೋಡಿ ಸಾರ್, ಕಳ್ಳರು ಇಲ್ಲಿಗೂ ಬಂದಿದ್ದರು," ಎಂದರು ಪಾರ್ಥಸಾರಥಿಯವರು.

ದೊಡ್ಡ ಸಾಹೇಬರು ಕೊಳಗ ನೋಡಿ, ಅಧ್ಯಕ್ಷನ ಕಡೆ ತಿರುಗಿದರು. ಅವನು ಹಾರ ಕೈಯಲ್ಲಿ ಹಿಡಿದುಕೊಂಡೇ ಬೇಲಿ ಹಾರುತ್ತಿದ್ದ. ಅವನದೇ ಸಮಿತಿಯವರು ಅಟ್ಟಿಸಿಕೊಂಡು ಹೋಗಿ ಹಿಡಿದರು, ಅಭ್ಯಾಸ ಚೆನ್ನಾಗಿತ್ತು.

ದೊಡ್ಡಬೀರಪ್ಪ ಎಲ್ಲವನ್ನೂ ಒಪ್ಪಿಕೊಂಡ. ಉಯಿಲಿನ ತೋಟ ಕೆಂಪಲಕ್ಷ್ಮಮ್ಮನಿಗೇ ಉಳಿಯಿತು. ಚಾಣಾಕ್ಷ ತನಿಖೆಗಾಗಿ ಪಾರ್ಥಸಾರಥಿಯವರಿಗೆ ಬಡ್ತಿಯಾಯಿತು. ಅನುಮತಿಯಿಲ್ಲದೆ ಬಾವಿ ಶೋಧಿಸಿದ್ದಕ್ಕೆ ಸಿದ್ದಯ್ಯನಿಗೆ ಬೇಲೂರಿಗೆ ವರ್ಗವಾಯಿತು.

ಹೋಗುವ ದಾರಿಯಲ್ಲಿ ಅವನು ಹಳೇಬೀಡಿನಲ್ಲಿ ಇಳಿದು, ಮೇಷ್ಟರ ಹೆಂಡತಿ ಯದುಗಿರಮ್ಮನಿಗೆ ನಡೆದದ್ದನ್ನೆಲ್ಲ ಹೇಳಿದ. ಆಕೆ ಕಾಫಿ ತಂದಿಟ್ಟು, "ಯಾಕೆ ಕೊಂದ ಅಂತ ನಂಗೆ ಹೇಳಕ್ಕೆ ಬಂದವರು ನೀವೊಬ್ರೇ ಕಣಪ್ಪ," ಎಂದರು.

ಬೇಲೂರಿನ ಬಸ್ಸು ತಪ್ಪಿಹೋಯಿತು. ಸಿದ್ದಯ್ಯ ಜಗುಲಿಯಲ್ಲಿ ಕೂತು ಇನ್ನೊಂದು ಲೋಟ ಕಾಫಿ ಕುಡಿದ.