ಹಲಗಿ ಬಾರಿಸದ ಅವ್ವಣ್ಣ

ಅವ್ವಣ್ಣನಂಥ ಗದ್ದಲದ ಮನುಷ್ಯನಿಗೆ ಸದ್ದಾಗದಂತೆ ಕಾಯುವ ಕೆಲಸ ಕೊಟ್ಟವರ ತಲೆಗೆ ಏನೆನ್ನಬೇಕೋ! ಯಾದಗಿರಿ ಕಡೆಯಿಂದ ಪುಣೆಗೆ ಗೌಂಡಿ ಕೆಲಸಕ್ಕೆ ಬಂದವನು. ಅಲ್ಲಿನ ಕೊಂಢವಾ ಬಡಾವಣೆಯಲ್ಲಿ ಹಗಲೆಲ್ಲ ಗೋಡೆ ಕಟ್ಟಿ, ಸಂಜೆ ಹಲಗಿ ಬಾರಿಸಿ ಇಡೀ ಓಣಿಯನ್ನು ಕುಣಿಸುತ್ತಿದ್ದ. ಪುಣೆ ಹತ್ತಿರದ ಭೋರ್ ಗುಡ್ಡದ ಮೇಲೆ ಭೂಕಂಪ ಅಳೆಯುವ ಯಂತ್ರಕ್ಕೊಂದು ಕೋಣೆ ಕಟ್ಟಲು ಹೋಗಿ, ಅಲ್ಲೇ ಕಾವಲುಗಾರನಾಗಿ ಉಳಿದ. "ಇಲ್ಲಿ ಸದ್ದು ಮಾಡಬಾರದು" ಎಂದು ಯಾವನೋ ಸಾಹೇಬ ಜೀಪು ಹತ್ತುತ್ತಾ ಹೇಳಿದ್ದೇ ಇವನಿಗೆ ವೇದವಾಯಿತು. ಹಲಗಿ ಅಟ್ಟ ಸೇರಿತು. ಹೆಂಡತಿ ಯಮನವ್ವ ಖಾರ ಕುಟ್ಟಲೂ ಗುಡ್ಡ ಇಳಿಯಬೇಕಾಯಿತು. ನಾಯಿ ಬೊಗಳಿದರೆ ಅದಕ್ಕಿಂತ ಜೋರಾಗಿ ಇವನೇ ಬೈಯುತ್ತಿದ್ದ, ಆ ಮಾತು ಬೇರೆ.

"ನೀ ಹಲಗಿ ಬಾರಿಸದ ಹೊರತು ನಾ ಮದುವಿ ಹಂದರದಾಗ ಕಾಲಿಡಂಗಿಲ್ಲ" ಎಂದು ಮಗಳು ಶರಣಮ್ಮ ಚಿಕ್ಕಂದಿನಿಂದ ಹೇಳುತ್ತಿದ್ದಳು. ಹೋದ ಬೇಸಿಗೆಯಲ್ಲಿ ಅವಳ ಮದುವೆ ಆ ಯಂತ್ರದ ಕೋಣೆಯ ಅಂಗಳದಲ್ಲೇ ಆಯಿತು. ಬೇರೆಡೆ ಮಾಡಿದರೆ ಯಂತ್ರ ಕಾಯುವವರಾರು? ಹಲಗಿ ಅಟ್ಟದಿಂದ ಇಳಿಯಲಿಲ್ಲ. ನಾವು ನೆಂಟರೆಲ್ಲ ಪಿಸುಗುಟ್ಟುತ್ತಾ ಅಕ್ಷತೆ ಹಾಕಿದೆವು. ಮದುವೆಗೆ ಬಂದಿದ್ದೇವೋ ಮಣ್ಣಿಗೆ ಬಂದಿದ್ದೇವೋ ಎಂದು ನನಗೇ ಅನುಮಾನ. ಶರಣಮ್ಮ ಅಪ್ಪನ ಮುಖ ನೋಡದೆ ಗಂಡನ ಗಾಡಿ ಹತ್ತಿದಳು.

ತಿಂಗಳ ಮೇಲೆ ಪುಣೆಯಿಂದ, ನಮ್ಮ ಕಡೆಯವಳೇ ಆದ ಸಂಶೋಧಕಿ ರೇಣು ಪೇಢೆ ಹಿಡಿದು ಬಂದಳು. ಮದುವೆಯ ಹೊತ್ತಿಗೇ ಕಡಲಾಚೆ ಭೂಕಂಪವಾಗಿ, ಅದರ ಅಲೆ ಭೂಮಿಯ ಆಳ ಹೊಕ್ಕು ಬಂದು ಇಲ್ಲಿ ದಾಖಲಾಗಿತ್ತಂತೆ.

"ಭಾಳ ಕೆಳಗ ಬಿಸಿಗೆ ಕಲ್ಲು ನಿಧಾನಕ್ಕ ಹರೀತದರಿ, ಅವ್ವಣ್ಣಾರ. ಆ ಎಳೆತಕ್ಕ ಅದರ ಹರಳೆಲ್ಲಾ ಒಂದ ದಿಕ್ಕಿಗೆ ತಿರುಗ್ತಾವ. ಅಲ್ಲಿ ಹಾದ ಅಲಿ ಸೀಳಿ ಎರಡಾಗ್ತದ. ಒಂದು ಮೊದಲ ಬರ್ತದ, ಒಂದು ತಡಾಗಿ. ಎರಡನ್ನೂ ನೋಡಿದ್ರ ಕಲ್ಲು ಎತ್ತ ಹರಿಯಾಕತ್ತದ ಅಂತ ತಿಳೀತದ."

"ನಮ್ಮ ಮನ್ಯಾಗೂ ಹಂಗೇರಿ. ಯಮನವ್ವ ಮೊದಲ, ನಾ ತಡಾಗಿ" ಎಂದ ಅವ್ವಣ್ಣ. ಆಮೇಲೆ ಎದೆಯುಬ್ಬಿಸಿದ. "ನಿಮ್ಮ ಈ ಕೆಲಸಕ್ಕಂತೇ ಮಗಳ ಮದುವಿಗೂ ಹಲಗಿ ಮುಟ್ಟಲಿಲ್ಲರಿ."

ರೇಣುವಿನ ಪೇಢೆ ಕೈಯಲ್ಲೇ ಉಳಿಯಿತು. "ಅಯ್ಯೋ, ಬಾರಿಸಬೇಕಿತ್ತಲ್ರಿ! ಆ ಅಲಿ ಒಮ್ಮೆ ಏರಿ ಇಳೀಲಿಕ್ಕೇ ಎಷ್ಟೋ ಸೆಕೆಂಡ್ ಬೇಕು. ಹಲಗಿದು ಚಟಪಟ ಸಣ್ಣ ನಡುಗು. ಹಿಟ್ಟು ಸಾಣಿಸಿದಂಗ ಕಂಪ್ಯೂಟರ್ದಾಗ ತೆಗೆದು ಒಗೀತೀವಿ."

"ಖಾರ ಕುಟ್ಟೋದೂ?" ಬಾಗಿಲಲ್ಲಿ ಯಮನವ್ವ ನಿಂತಿದ್ದಳು.

"ಅದೂ ಹೋಗ್ತದವ್ವ."

ಯಮನವ್ವ ಒನಕೆ ತಂದು ಗಂಡನ ಮುಂದೆ ಒರಗಿಸಿ ಒಳಗೆ ಹೋದಳು. ಆ ಜೀಪಿನ ಸಾಹೇಬನನ್ನು ಒರಳಿಗೆ ಹಾಕಬೇಕಿತ್ತು ಎಂದು ನನಗೆ ಈಗಲೂ ಸಿಟ್ಟು. ಅವ್ವಣ್ಣ ಅಂದು ಊಟ ಮಾಡಲಿಲ್ಲ.

ಪಂಚಮಿ ಹಬ್ಬಕ್ಕೆ ಶರಣಮ್ಮ ತವರಿಗೆ ಬಂದಳು. ಗುಡ್ಡದ ತಿರುವಿನಲ್ಲೇ ಹಲಗಿ ಕೇಳಿಸಿತು. ಅಪ್ಪ ಯಂತ್ರದ ಕೋಣೆಯ ಬಾಗಿಲಿಗೇ ನಿಂತು ಬಾರಿಸುತ್ತಿದ್ದ. ಅಳುತ್ತಿದ್ದ. ಮೂಗು ಸೋರುತ್ತಿತ್ತು, ಒರೆಸಲು ಕೈ ಬಿಡುವಿರಲಿಲ್ಲ.

"ಮದುವಿ ಆಗಿ ಹೋಗ್ಯಾದಲ್ಲೋ ಯಪ್ಪಾ!" ಎಂದು ಅವಳು ಕೂಗಿದಳು.

"ಮೊದಲಿನ ಅಲಿ ಆವತ್ತ ಬಂತವ್ವ" ಎಂದ ಅವ್ವಣ್ಣ. "ಇದು ತಡಾಗಿ ಬಂದಿದ್ದು."

ಶರಣಮ್ಮ ಚೀಲ ಕೆಳಗಿಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿ ಹಲಗಿಯ ಪೆಟ್ಟಿಗೆ ಹೆಜ್ಜೆ ಎತ್ತಿದಳು.