ಹೂಂಗುಟ್ಟುವವರು

ಗ್ರಂಥಾಲಯದ ಆನ್‌ಲೈನ್ ಕಥಾ ಸಂಜೆಯಲ್ಲಿ ಕತೆ ಹೇಳುವವರನ್ನು ಬಿಟ್ಟು ಉಳಿದೆಲ್ಲರ ಮೈಕ್ ಬಂದ್ ಮಾಡಬೇಕು ಎಂಬ ನಿಯಮ ತಂದವಳು ನಾನೇ. ಅದಕ್ಕೆ ಕಾರಣವಿತ್ತು. ಮಳವಳ್ಳಿಯಲ್ಲಿ ಬಟ್ಟೆ ಹೊಲಿಯುವ ಅಕ್ಕ ಒಬ್ಬರು ಮಿಷನ್ ತುಳಿಯುತ್ತಲೇ ಕತೆ ಕೇಳುತ್ತಿದ್ದರು. ನಿಡಘಟ್ಟದಿಂದ ಸೇರುತ್ತಿದ್ದವರ ಮನೆ ಹೆದ್ದಾರಿಗೆ ಅಂಟಿಕೊಂಡಿತ್ತು. ಮೈಸೂರಿಗೆ ಹೋಗುವ ಬಸ್ಸುಗಳೆಲ್ಲ ಅವರ ಫೋನಿನ ಮೂಲಕ ನಮ್ಮ ಮನೆಗಳೊಳಗೆ ಹಾದುಹೋಗುತ್ತಿದ್ದವು. ಒಂದು ಶನಿವಾರ ಕತೆಯ ನಡುವೆ ಎಲ್ಲೋ ಮಿಕ್ಸಿ ಶುರುವಾಯಿತು. ಕೊತ್ತತ್ತಿಯ ಅಜ್ಜ, "ಯಾವನ್ಲಾ ಅದು, ಕತೆ ಒಳಗೆ ಚಟ್ನಿ ರುಬ್ತಿರೋನು?" ಎಂದರು. ಮಿಕ್ಸಿ ನಿಂತಿತು. "ಯಾವನೂ ಅಲ್ಲ ತಾತ, ಯಾವಳು ಅನ್ನಿ. ಚಟ್ನಿನೂ ಅಲ್ಲ, ಮಸಾಲೆ," ಎಂದಿತು ಒಂದು ಹೆಣ್ಣುದನಿ. ಮುಂದಿನ ವಾರದಿಂದ ನಾನು ಎಲ್ಲರ ಬಾಯಿ ಮುಚ್ಚಿಸಿದೆ.

ಎಂ.ಎ. ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದ ಕಾಲ ಅದು. ಬೆಳಿಗ್ಗೆ ಮದ್ದೂರಿನಿಂದ ರೈಲು ಹಿಡಿದು ಮಂಡ್ಯಕ್ಕೆ ಹೋಗಿ, ಗ್ರಂಥಾಲಯದ ಓದುವ ಕೋಣೆಯಲ್ಲಿ ಕೂತು, ಸಂಜೆ ವಾಪಸು ಬರುತ್ತಿದ್ದೆ. ಕಥಾ ಸಂಜೆ ಮೊದಲು ಅಲ್ಲೇ, ಮೇಲಿನ ಹಾಲಿನಲ್ಲಿ ನಡೆಯುತ್ತಿತ್ತು. ಆದರೆ ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಹಳ್ಳಿಗಳ ಕಡೆಯ ಬಸ್ಸು ತಪ್ಪಿಹೋಗುತ್ತಿದ್ದುದರಿಂದ ಮಂಡ್ಯದವರನ್ನು ಬಿಟ್ಟರೆ ಯಾರೂ ಬರುತ್ತಿರಲಿಲ್ಲ. ಗ್ರಂಥಪಾಲಕಿ ಮೇಡಂ ಅದನ್ನು ಫೋನಿಗೆ ಬದಲಾಯಿಸಿದರು. ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂರುತ್ತಿದ್ದ ನನ್ನನ್ನು ನೋಡಿ, "ಸಭೆ ನಡೆಸೋದನ್ನ ನೀವು ನೋಡಿಕೊಳ್ತೀರಾ?" ಎಂದು ಕೇಳಿದರು. ಒಪ್ಪಿಕೊಂಡೆ. ಮಾತನಾಡಬೇಕಾದ್ದೆಲ್ಲ ಅವರದು. ಬಂದವರನ್ನು ಒಳಗೆ ಬಿಡುವುದು, ಮೈಕ್ ತೆಗೆಯುವುದು, ಹಾಕುವುದು ನನ್ನದು. ನನ್ನ ಮುಖವನ್ನಾಗಲಿ ದನಿಯನ್ನಾಗಲಿ ಯಾರಿಗೂ ಒಪ್ಪಿಸದೆ ಜನರ ನಡುವೆ ಇರಬಹುದಾದ ಇಂಥ ಕೆಲಸ ನನಗೆ ಅದಕ್ಕೆ ಮೊದಲು ಸಿಕ್ಕಿರಲಿಲ್ಲ.

ಆ ವರ್ಷ ಅಮ್ಮನಿಗೆ ಥೈರಾಯ್ಡ್ ಗಡ್ಡೆಯ ಆಪರೇಷನ್ ಆಗಿತ್ತು. ಗಡ್ಡೆ ಕೆಟ್ಟದ್ದಲ್ಲ ಎಂದು ಗೊತ್ತಾದಾಗ ಮನೆಯಲ್ಲಿ ಪಾಯಸ ಮಾಡಿದೆವು. ದನಿ ಮಾತ್ರ ಹಿಂದಿರುಗಲಿಲ್ಲ. ಇಂಥ ಆಪರೇಷನ್ನಿನಲ್ಲಿ ಗಂಟಲಿನ ನರ ದುರ್ಬಲವಾಗುವುದುಂಟು, ನಿಧಾನಕ್ಕೆ ಸುಧಾರಿಸಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಸುಧಾರಿಸದೆಯೂ ಇರಬಹುದು ಎಂಬುದನ್ನು ನಾವೇ ಅರ್ಥ ಮಾಡಿಕೊಳ್ಳಬೇಕಾಗಿತ್ತು. ಅಮ್ಮ ಶಿವಪುರದ ಆಚೆಯ ಒಂದು ಸರ್ಕಾರಿ ಶಾಲೆಯಲ್ಲಿ ಮೂರನೇ ತರಗತಿಯ ಟೀಚರು. ಅವರ ದನಿ ಶಾಲೆಯ ಮೈದಾನದ ಆ ತುದಿಯಲ್ಲಿ ಜಗಳವಾಡುತ್ತಿದ್ದ ಮಕ್ಕಳನ್ನು ಬಿಡಿಸುತ್ತಿತ್ತು. ಈಗ ಅಡುಗೆಮನೆಯಿಂದ ಹಾಲಿಗೆ ಕೇಳಿಸುತ್ತಿರಲಿಲ್ಲ. ಬರುತ್ತಿದ್ದದ್ದು ಅರ್ಧ ದನಿ, ಅರ್ಧ ಗಾಳಿ. ಫೋನ್ ಬಂದರೆ ಅಪ್ಪನ ಕೈಗೆ ಕೊಡುತ್ತಿದ್ದರು. ಅಕ್ಕಪಕ್ಕದವರಿಗೆ ಶೀತ ಎಂದು ಹೇಳಿದ್ದೆವು. ಶೀತ ಇಷ್ಟು ತಿಂಗಳು ಇರುವುದಿಲ್ಲ ಎಂದು ಅವರಿಗೂ ಗೊತ್ತಿದ್ದಿರಬೇಕು.

ಮೈಸೂರಿನಲ್ಲಿ ಮಾತಿನ ಚಿಕಿತ್ಸೆ ಕೊಡುತ್ತಿದ್ದಾಕೆ ಹೇಳಿಕೊಟ್ಟದ್ದು ಸರಳವಾಗಿತ್ತು. ಜೋರು ಮಾಡಬೇಡಿ, ಪಿಸುಗುಡಲೂ ಬೇಡಿ. ಒಂದು ಚಿಕ್ಕ ಮಾತು ಆಡಿ, ಎಂಜಲು ನುಂಗಿ, ಉಸಿರು ತೆಗೆದುಕೊಂಡು ಆಮೇಲೆ ಇನ್ನೊಂದು ಮಾತು. ಅಮ್ಮನಿಗೆ ಆಗದೆ ಹೋದದ್ದು ಆ ನಡುವಿನ ಜಾಗವೇ. "ಸುಮ್ಮನೆ ನಿಂತ್ರೆ ಪಾಠ ಮರೆತೋಳ ಥರ ಕಾಣ್ತೀನಿ ಕಣೆ," ಎನ್ನುತ್ತಿದ್ದರು. ಜಾಗ ಬಿಡದೆ ಮಾತನಾಡುವರು, ದನಿ ಒಡೆಯುವುದು, ಒಡೆದದ್ದನ್ನು ಮುಚ್ಚಲು ಇನ್ನಷ್ಟು ಜೋರು ಮಾಡುವರು, ಆಗ ಪೂರ್ತಿ ಹೋಗುವುದು.

ಅಮ್ಮ ಶಾಲೆಗೆ ಹಾಕಿದ್ದ ರಜೆ ಮುಗಿಯುತ್ತ ಬಂತು. ಒಂದು ಸಂಜೆ ಊಟಕ್ಕೆ ಕೂತಾಗ ಅಮ್ಮ, "ನಿಮ್ಮ ಲೈಬ್ರರಿಯಲ್ಲಿ ನಾನೊಂದು ಕತೆ ಹೇಳ್ತೀನಿ," ಎಂದರು. "ನಿಮ್ಮಿಬ್ಬರ ಮುಂದೆ ಹೇಳಿದ್ರೆ ಲೆಕ್ಕ ಇಲ್ಲ, ನಿಮಗೆ ಈ ದನಿ ರೂಢಿಯಾಗಿದೆ. ಗೊತ್ತಿಲ್ಲದೋರ ಮುಂದೆ ಹೇಳಬೇಕು. ಪೂರ್ತಿ ಹೇಳೋಕಾದ್ರೆ ಶಾಲೆಗೆ ಹೋಗ್ತೀನಿ. ಆಗದಿದ್ರೆ ಸ್ವಯಂನಿವೃತ್ತಿಗೆ ಬರೆದುಕೊಡ್ತೀನಿ."

"ಒಂದು ಕತೆಗೋಸ್ಕರ ಯಾರಾದ್ರೂ ಕೆಲಸ ಬಿಡ್ತಾರಾ?" ಎಂದರು ಅಪ್ಪ.

"ಒಂದು ಕತೆ ಹೇಳೋಕೆ ಆಗದೋಳು ಮೂರನೇ ಕ್ಲಾಸಿಗೆ ಹೋಗಿ ಏನು ಮಾಡ್ಲಿ? ಬೋರ್ಡ್ ಒರೆಸಲಾ?"

ಅಮ್ಮ ಒಂದು ಮಾತು ಅಂದರೆ ಅದನ್ನು ನಡೆಸುವವರು. ನಾನು ಗ್ರಂಥಪಾಲಕಿ ಮೇಡಂಗೆ, ಮದ್ದೂರಿನ ಟೀಚರೊಬ್ಬರು ಮುಂದಿನ ಶನಿವಾರ ಕತೆ ಹೇಳುತ್ತಾರೆ, ಕ್ಯಾಮೆರಾ ಹಾಕುವುದಿಲ್ಲ ಎಂದಷ್ಟೇ ತಿಳಿಸಿದೆ. ಯಾರು, ನನಗೇನಾಗಬೇಕು ಎಂದು ಹೇಳಲಿಲ್ಲ. ಅವರೂ ಕೇಳಲಿಲ್ಲ.

ಆ ಶನಿವಾರ ಅಮ್ಮ ಒಳಕೋಣೆಯಲ್ಲಿ ಫೋನನ್ನು ಅಕ್ಕಿ ಡಬ್ಬದ ಮೇಲೆ ಒರಗಿಸಿಕೊಂಡು ಕೂತರು. ನಾನು ಬಾಗಿಲು ಮುಂದೆ ಮಾಡಿ, ಹಾಲಿನಲ್ಲಿ ಲ್ಯಾಪ್‌ಟಾಪಿಗೆ ಇಯರ್‌ಫೋನ್ ಸಿಕ್ಕಿಸಿ ಕೂತೆ. ಅಪ್ಪ ಟಿವಿಯ ಪ್ಲಗ್ಗನ್ನೇ ಕಿತ್ತು, ಹೊರಗೆ ಮೆಟ್ಟಿಲ ಮೇಲೆ ಕಾವಲಿಗೆ ಕೂತರು. ಹೆಪ್ಪು ಕೇಳಿಕೊಂಡು ಬಂದ ಪಕ್ಕದ ಮನೆಯಾಕೆಯನ್ನು ಬಾಯಿಯ ಮೇಲೆ ಬೆರಳಿಟ್ಟು ತಡೆದು, ತಾವೇ ಒಳಗೆ ಬಂದು, ಒಂದು ಲೋಟ ಮೊಸರನ್ನೇ ತೆಗೆದುಕೊಂಡು ಹೋಗಿ ಕೊಟ್ಟರು. ಮನೆಯಲ್ಲಿ ಮಗು ಮಲಗಿದೆ ಎಂದುಕೊಂಡಿರಬೇಕು ಆಕೆ. ನಮ್ಮ ಮನೆಯಲ್ಲಿ ಮಗುವೇ ಇಲ್ಲ.

ಅಮ್ಮ ಆರಿಸಿಕೊಂಡದ್ದು ಅವರು ವರ್ಷವೂ ಮಕ್ಕಳಿಗೆ ಹೇಳುತ್ತಿದ್ದ ಕತೆ. ಒಬ್ಬ ಕುಂಬಾರತಿಯ ಹತ್ತಿರ ಒಂದು ಕತ್ತೆ ಇತ್ತು. ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಹೇಳದಿದ್ದರೆ ಅದು ಹೆಜ್ಜೆ ಎತ್ತುತ್ತಿರಲಿಲ್ಲ. ಸಂತೆಗೆ ಎಂದರೆ ಹೊರೆ ಜಾಸ್ತಿ ಎಂದು ಮುಖ ತಿರುಗಿಸುತ್ತಿತ್ತು. ಒಂದು ದಿನ ಕುಂಬಾರತಿ ಬೇಸತ್ತು, ಹಸಿರು ಗದ್ದೆಗೆ ಹೋಗೋಣ ಎಂದು ಸುಳ್ಳು ಹೇಳಿ ಸಂತೆಯ ದಾರಿ ಹಿಡಿದಳು.

ಶುರು ಚೆನ್ನಾಗಿತ್ತು. ದನಿ ತಗ್ಗಾಗಿತ್ತು, ಅಂಚಿನಲ್ಲಿ ಗಾಳಿ ಸೋರುತ್ತಿತ್ತು, ಆದರೆ ಮಾತುಗಳು ಸ್ಪಷ್ಟವಾಗಿದ್ದವು. ಆಮೇಲೆ ಅಮ್ಮ ವೇಗ ಹೆಚ್ಚಿಸಿದರು. ಎದುರಿನಿಂದ ಒಂದು ಸದ್ದೂ ಬರುತ್ತಿರಲಿಲ್ಲವಲ್ಲ, ಆ ಖಾಲಿಯನ್ನು ಮಾತಿನಿಂದ ತುಂಬಿಸಲು ಹೊರಟಿದ್ದರು. ದನಿ ಮೇಲಕ್ಕೇರಿತು. 'ಕುಂಬಾರತಿ' ಎಂಬ ಮಾತಿನ ಕೊನೆ ಕೇಳಿಸಲಿಲ್ಲ. 'ಕತ್ತೆ' ಎಂಬುದು ಪೂರ್ತಿ ಹೋಯಿತು. ಅಮ್ಮ ನಿಲ್ಲಿಸಿದರು. ಅವರ ಕೆಮ್ಮು ನನಗೆ ಮೊದಲು ಬಾಗಿಲ ಸಂದಿನಿಂದ, ಒಂದು ಕ್ಷಣ ತಡವಾಗಿ ಕಿವಿಯೊಳಗಿಂದ ಕೇಳಿಸಿತು.

"ಕೇಳಿಸ್ತಾ ಇದೆಯಾ?" ಎಂದರು.

ಪರದೆಯ ಮೇಲೆ ಹೆಬ್ಬೆರಳುಗಳು ಎದ್ದವು. ಒಬ್ಬರು 'ಕೇಳಿಸ್ತಿದೆ ಮೇಡಂ' ಎಂದು ಬರೆದರು. ಅಮ್ಮ ಕನ್ನಡಕ ತೆಗೆದಿಟ್ಟಿದ್ದರು. ಅವರಿಗೆ ಅದ್ಯಾವುದೂ ಕಾಣುತ್ತಿರಲಿಲ್ಲ. ಬಾಗಿಲ ಹೊರಗೆ ಅಪ್ಪ ಎದ್ದು ನಿಂತದ್ದು ಕಿಟಕಿಯಿಂದ ಕಂಡಿತು.

"ಯಾರಾದ್ರೂ ಹೂಂ ಅನ್ರಪ್ಪ," ಎಂದರು ಅಮ್ಮ, ಹೆಚ್ಚುಕಡಿಮೆ ಬರೀ ಗಾಳಿಯಲ್ಲಿ. "ಗೋಡೆಗೆ ಹೇಳಿದ ಹಾಗಾಗ್ತಿದೆ."

ನಮ್ಮ ಕಡೆ ಕತೆ ಹೇಳುವವರಿಗೆ ಹೂಂಗುಟ್ಟುವವರೊಬ್ಬರು ಇರಲೇಬೇಕು. ಚಿಕ್ಕವಳಿದ್ದಾಗ ನಾನು ಹೂಂ ಅನ್ನುವುದನ್ನು ನಿಲ್ಲಿಸಿದ ಕಡೆ ಅಜ್ಜಿ ಕತೆ ನಿಲ್ಲಿಸುತ್ತಿದ್ದರು, ನಿದ್ದೆ ಬಂತು ಎಂದು. ಕೇಳುವವರು ಎಚ್ಚರವಾಗಿದ್ದಾರೋ ಇಲ್ಲವೋ ಎಂದು ತಿಳಿಯಲಷ್ಟೇ ಅದು ಎಂದುಕೊಂಡಿದ್ದೆ. ಈಗ ಬೇರೆಯದೂ ಹೊಳೆಯಿತು. ಕೇಳುವವರು ಹೂಂ ಅನ್ನುವಷ್ಟು ಹೊತ್ತು ಹೇಳುವವರು ಸುಮ್ಮನಿರಬಹುದು. ಆಗ ಯಾರೂ ಅವರನ್ನು ಪಾಠ ಮರೆತವರು ಅನ್ನುವುದಿಲ್ಲ.

ನಾನೇ ಹೂಂ ಅನ್ನಬಹುದಿತ್ತು. ಆದರೆ ನನ್ನ ಹೂಂ ಅಮ್ಮನ ಲೆಕ್ಕಕ್ಕೆ ಬರುತ್ತಿರಲಿಲ್ಲ. ಎಲ್ಲರ ಮೈಕ್ ತೆರೆಯಲೇ ಎಂದು ಮೇಡಂಗೆ ಬರೆದು ಕೇಳಿದೆ. 'ಗಲಾಟೆ ಆಗಲ್ವಾ? ನೋಡಿ, ನಿಮ್ಮಿಷ್ಟ,' ಎಂದು ಉತ್ತರ ಬಂತು. ನಿಯಮ ತೆಗೆದುಹಾಕಿದೆ. ಅಷ್ಟು ಸಾಲದು, ಜನ ತಾವೇ ಮೈಕ್ ಒತ್ತಬೇಕು, ಅದನ್ನು ಯಾರಾದರೂ ಬಾಯಿಬಿಟ್ಟು ಹೇಳಬೇಕು. ನನ್ನ ಮೈಕ್ ತೆರೆದೆ.

"ಕತೆ ಹೇಳುವವರಿಗೆ ಹೂಂಗುಟ್ಟುವವರು ಬೇಕಂತೆ," ಎಂದೆ. "ದಯವಿಟ್ಟು ಎಲ್ಲರೂ ಮೈಕ್ ಒತ್ತಿ."

ಮೊದಲು ಬಂದದ್ದು ಕೊತ್ತತ್ತಿಯ ಅಜ್ಜನ ದನಿ. "ಓ, ಈ ಸ್ವಿಚ್ ಒತ್ತೋ ಅಮ್ಮಣ್ಣಿಗೂ ಮಾತು ಬತ್ತದೆ. ನಾನು ಮೂಗಿ ಅಂದ್ಕಂಡಿದ್ದೆ." ಯಾರೋ ನಕ್ಕರು. "ನೀನು ಕತೆ ಏಳವ್ವ, ಏಳು. ಬಾಯಿ ಕಟ್ಟಾಕಿ ಕತೆ ಕೇಳು ಅಂದ್ರೆ ಎಂಗ್ ಕೇಳಾದು? ಹೂಂ, ಸುಳ್ಳೇಳಿ ಸಂತೆ ದಾರಿ ಇಡುದ್ಲು. ಆಮ್ಯಾಕೆ?"

ಅಮ್ಮ ಕತೆಯನ್ನು ಅಲ್ಲಿಂದ ಎತ್ತಿಕೊಂಡರು. ಒಂದು ಮಾತು ಹೇಳಿದರು. ಅಜ್ಜನ ಹೂಂ ತಕ್ಷಣ ಬಂತು. ನಿಡಘಟ್ಟದವರದು ಒಂದು ಬಸ್ಸಿನ ಹಾರ್ನ್ ಜೊತೆ ಬಂತು. ಮಳವಳ್ಳಿಯ ನೆಟ್‌ವರ್ಕ್ ನಿಧಾನ. ಹೊಲಿಯುವ ಅಕ್ಕನ ಹೂಂ ಎಲ್ಲರದೂ ಮುಗಿದ ಮೇಲೆ, ಮರೆತು ನೆನಪಿಸಿಕೊಂಡವರ ಹಾಗೆ ಬಂತು. ಅದು ಬರುವ ತನಕ ಅಮ್ಮ ಕಾಯಬೇಕಾಯಿತು. ಕಾಯುವಾಗ ಎಂಜಲು ನುಂಗಿದ್ದು ನನಗೆ ಕೇಳಿಸಿತು. ಮುಂದಿನ ಮಾತು ತಗ್ಗಿನಲ್ಲಿ ಶುರುವಾಯಿತು, ತಗ್ಗಿನಲ್ಲೇ ಮುಗಿಯಿತು. ಮತ್ತೆ ಅಜ್ಜ, ಮತ್ತೆ ಬಸ್ಸು, ಮತ್ತೆ ಮಳವಳ್ಳಿ.

ಅಷ್ಟು ದಿನ ಯಾರು ಹೇಳಿದರೂ ಅಮ್ಮ ಬಿಡಲಾರದೆ ಹೋದ ಆ ಜಾಗವನ್ನು ಈಗ ಮೂರು ಊರಿನವರು ಸೇರಿ ಹಿಡಿದುಕೊಂಡಿದ್ದರು. ಅವರಿಗೆ ಅದು ಗೊತ್ತಿರಲಿಲ್ಲ.

ಕತ್ತೆ ಅರ್ಧ ದಾರಿಯಲ್ಲಿ ನಿಂತಿತು. ಗದ್ದೆ ಎಲ್ಲಿ ಎಂದು ಕೇಳಿತು. ಕುಂಬಾರತಿ, ಇನ್ನೊಂದು ತಿರುವು ಎಂದಳು.

"ಸುಳ್ಳು ಹೇಳಬಾರದಿತ್ತು ಕಣಕ್ಕ ಅವಳು," ಎಂದರು ಹೊಲಿಯುವ ಅಕ್ಕ. "ಮೂಕ ಪ್ರಾಣಿ."

"ಮೂಕ ಎಲ್ಲಾಯ್ತು? ಅದು ಆಗಿಂದ ಮಾತಾಡ್ತಾನೇ ಅದೆ," ಎಂದರು ಅಜ್ಜ. "ನೀನು ಸುಮ್ಕಿರವ್ವ, ಏಳಾಕೆ ಬುಡು."

ಅಮ್ಮ ನಕ್ಕುಬಿಟ್ಟರು. ನಗುವಿನ ಹಿಂದೆಯೇ ದನಿ ಮತ್ತೊಮ್ಮೆ ಒಡೆಯಿತು. ಅಮ್ಮ ಜೋರು ಮಾಡಲಿಲ್ಲ. ಒಂದು ಹೂಂ ಬರುವ ತನಕ ಕಾದು, ಅದೇ ಮಾತನ್ನು ಮೊದಲಿನಿಂದ ಹೇಳಿದರು. ತಿರುವುಗಳೆಲ್ಲ ಮುಗಿದರೂ ಗದ್ದೆ ಬರದಿದ್ದಾಗ ಕತ್ತೆ ತಾನೇ ಗದ್ದೆ ಹುಡುಕಿಕೊಂಡು ಹೊರಟಿತು, ಮಡಕೆಗಳ ಸಮೇತ. ಕುಂಬಾರತಿ ಎಲ್ಲಿಗೆ ಎಲ್ಲಿಗೆ ಎಂದು ಕೇಳುತ್ತ ಹಿಂದೆ ಓಡಿದಳು. ಕತ್ತೆ, ಇನ್ನೊಂದು ತಿರುವು ಎಂದಿತು. ಕತೆ ಮುಗಿಯಿತು.

ಜನ ಒಟ್ಟಿಗೆ ಮಾತಾಡತೊಡಗಿದರು. ಅದರ ನಡುವೆ ಹೊಲಿಯುವ ಅಕ್ಕ, "ಮೇಡಂ, ಗಂಟಲು ನೋವಾ ನಿಮಗೆ?" ಎಂದು ಕೇಳಿದರು. ನನ್ನ ಬೆರಳು ತಾನಾಗಿಯೇ ಅವರ ಮೈಕಿನ ಕಡೆ ಹೋಯಿತು. ಒತ್ತುವ ಮೊದಲೇ ಅಮ್ಮ ಉತ್ತರಿಸಿದರು.

"ಆಪರೇಷನ್ ಆಯ್ತಮ್ಮ. ದನಿ ಹೋಗಿತ್ತು."

ಪಕ್ಕದ ಮನೆಗೆ ಹೇಳದೆ ಇಟ್ಟುಕೊಂಡದ್ದನ್ನು ಎಷ್ಟು ಸಲೀಸಾಗಿ ಹೇಳಿದರು.

"ಓಗಿದ್ರೆ ಕತೆ ಎಲ್ಲಿಂದ ಬಂತು?" ಎಂದರು ಅಜ್ಜ. "ಮೊದ್ಲು ಒಸಿ ಗೊರಗೊರ ಅಂತಿತ್ತು, ಇಲ್ಲ ಅನ್ನಾಕಿಲ್ಲ. ಆಮ್ಯಾಕೆ ಕತ್ತೆ ಎತ್ಲಾಗೋಯ್ತದೆ ಅಂತ ನೋಡ್ತಾ ನಿಮ್ ಗಂಟ್ಲು ಮರ್ತೇ ಓಯ್ತು ಕಣವ್ವ."

ಸಭೆ ಮುಗಿಸಿ ನಾನು ಇಯರ್‌ಫೋನ್ ತೆಗೆದಾಗ ಒಳಕೋಣೆಯಿಂದ ಮಾತು ಕೇಳಿಸುತ್ತಿತ್ತು. ಅಮ್ಮ ಫೋನಿನಲ್ಲಿದ್ದರು, ಅವರೇ ಮಾಡಿದ ಫೋನು. ಆ ಕಡೆ ಇದ್ದವರು ಶಾಲೆಯ ಮುಖ್ಯ ಶಿಕ್ಷಕಿ. "ಹೌದು, ರಜೆ ಮುಗಿದ ತಕ್ಷಣ ಬರ್ತೀನಿ," ಎನ್ನುತ್ತಿದ್ದರು. ನಿಲ್ಲಿಸಿದರು. ಉಸಿರು ತೆಗೆದುಕೊಂಡರು. "ಮೂರನೇ ಕ್ಲಾಸ್ ಯಾರಿಗೂ ಕೊಡಬೇಡಿ. ಆದ್ರೆ ಆ ರಸ್ತೆ ಪಕ್ಕದ ರೂಮ್ ಬೇಡ. ಹಿಂದಿನದು ಕೊಡಿ. ಇಲ್ಲ, ಮೈಕೂ ಬೇಡ. ಮಕ್ಕಳು ಹತ್ತಿರ ಕೂತ್ರೆ ಸಾಕು." ಆ ಕಡೆಯವರು ಏನೋ ಚೌಕಾಸಿ ಮಾಡುತ್ತಿದ್ದರು. ಅಮ್ಮ ರೂಮಿನ ವಿಷಯದಲ್ಲಿ ಬಿಟ್ಟುಕೊಡಲಿಲ್ಲ. ಅಪ್ಪ ಹೊಸಿಲ ಮೇಲೆ ನಿಂತು ಪೂರ್ತಿ ಕೇಳಿ, ಹೋಗಿ ಟಿವಿಯ ಪ್ಲಗ್ ಸಿಕ್ಕಿಸಿದರು.

ಊಟಕ್ಕೆ ಮುದ್ದೆ, ಬಸ್ಸಾರು. ದಿನಾ ಬಡಿಸುವ ಒಂದು ಮುದ್ದೆಯಲ್ಲೇ ಅರ್ಧ ಬಿಟ್ಟು ಏಳುವವಳು ನಾನು. ಆ ದಿನ ತಟ್ಟೆ ಖಾಲಿ ಮಾಡಿ ಇನ್ನೊಂದು ಕೇಳಿದೆ.

"ಕತೆ ಹೇಳಿದ್ದು ನಾನು," ಎಂದರು ಅಮ್ಮ. "ಹಸಿವು ನಿನಗೆ ಯಾಕೆ?"

ನಾನು ತಟ್ಟೆ ಮುಂದೆ ಚಾಚಿದೆ.